ಮೊದಲು ಪುಸ್ತಕ, ಆಮೇಲೆ ಪಾಸ್‌ಪೋರ್ಟ್

ಅಮೆರಿಕದ ನೂರಾರು ಕಾಲೇಜುಗಳಲ್ಲಿ ಪದವಿಗೆ ಸೇರುವ ಹೊಸ ವಿದ್ಯಾರ್ಥಿಗಳಿಗೆ ತರಗತಿ ಶುರುವಾಗುವ ಮೊದಲೇ ಒಂದು ಪುಸ್ತಕ ತಲುಪುತ್ತದೆ. ಎಂಜಿನಿಯರಿಂಗ್ ಆಯ್ದುಕೊಂಡವರಿಗೂ ಸಂಗೀತ ಆಯ್ದುಕೊಂಡವರಿಗೂ ಅದೇ ಪುಸ್ತಕ. ಜೂನ್, ಜುಲೈ ರಜೆಯಲ್ಲಿ ಅದನ್ನು ಓದಿಕೊಂಡು ಆಗಸ್ಟ್ ಕೊನೆಯಲ್ಲಿ ಕ್ಯಾಂಪಸ್ಸಿಗೆ ಬಂದಾಗ, ಹದಿನೈದು ಇಪ್ಪತ್ತು ಮಂದಿಯ ಗುಂಪುಗಳಲ್ಲಿ ಕೂತು ಅದರ ಬಗ್ಗೆ ಮಾತಾಡಬೇಕು. ಗುಂಪು ನಡೆಸುವವರು ಸಾಹಿತ್ಯದ ಅಧ್ಯಾಪಕರೇ ಆಗಬೇಕೆಂದಿಲ್ಲ. ರಸಾಯನಶಾಸ್ತ್ರದ ಪ್ರೊಫೆಸರ್, ಗ್ರಂಥಪಾಲಕರು, ಹಾಸ್ಟೆಲ್ ಮೇಲ್ವಿಚಾರಕರು, ಮೂರನೇ ವರ್ಷದ ವಿದ್ಯಾರ್ಥಿ, ಯಾರೂ ಆಗಬಹುದು. ಲೇಖಕರು ಬದುಕಿದ್ದರೆ ಅವರನ್ನೇ ಕರೆಸಿ ಭಾಷಣ ಮಾಡಿಸುವುದೂ ಉಂಟು. ಬಹುತೇಕ ಕಡೆ ಇದಕ್ಕೆ ಪರೀಕ್ಷೆಯಿಲ್ಲ, ಅಂಕವಿಲ್ಲ. ಕರ್ನಾಟಕದ ಪದವಿ ಕಾಲೇಜುಗಳಲ್ಲೂ ಭಾಷಾ ಪತ್ರಿಕೆಗೆಂದು ಒಂದು ಕಾದಂಬರಿಯನ್ನೋ ನಾಟಕವನ್ನೋ ಪಠ್ಯವಾಗಿ ಇಡುವ ರೂಢಿಯಿದೆ. ಆದರೆ ಅದು ಪ್ರಶ್ನೆಪತ್ರಿಕೆಯ ಕಡೆ ಮುಖ ಮಾಡಿದ ಓದು. ಅಮೆರಿಕದ ಈ ಸಾಮೂಹಿಕ ಓದಿನ ಉದ್ದೇಶ ಬೇರೆ: ಒಬ್ಬರನ್ನೊಬ್ಬರು ಕಂಡರಿಯದ ಸಾವಿರಾರು ಮಂದಿಗೆ ಮೊದಲ ದಿನವೇ ಮಾತಾಡಲು ಒಂದು ವಿಷಯ ಒದಗಿಸುವುದು.

ಇದರ ಹಿಂದೆ ಎರಡು ಎಳೆಗಳಿವೆ. ಮೊದಲನೆಯದು ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ್ದು. 1970ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಅಲ್ಲಿನ ವಿದ್ಯಾರ್ಥಿಗಳು ಗಲಭೆಗಿಳಿದು ಆಡಳಿತ ಕಚೇರಿಗೇ ನುಗ್ಗಿದ್ದರು. ವಿದ್ಯಾರ್ಥಿಗಳಿಗೂ ಸಂಸ್ಥೆಗೂ ನಡುವೆ ನಂಬಿಕೆ ಬೆಳೆಯಬೇಕಾದರೆ ಮೊದಲ ವರ್ಷದಲ್ಲೇ ಕೆಲಸ ಶುರುವಾಗಬೇಕು ಎಂದುಕೊಂಡ ಅಧ್ಯಕ್ಷ ಥಾಮಸ್ ಜೋನ್ಸ್ 1972ರಲ್ಲಿ 'ಯೂನಿವರ್ಸಿಟಿ 101' ಎಂಬ ಕೋರ್ಸ್ ತಂದರು. ಅಲ್ಲಿನ ಅಧ್ಯಾಪಕ ಜಾನ್ ಗಾರ್ಡ್ನರ್ ಅದನ್ನು ಬೆಳೆಸಿದರು. ಹೊಸಬರನ್ನು ಅವರ ಪಾಡಿಗೆ ಬಿಡದೆ ಕೈಹಿಡಿದು ನಡೆಸುವ ಈ ಪದ್ಧತಿ ದೇಶದ ತುಂಬ ಹರಡಿತು. ಇದೇ ಹಾದಿಯಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ 1993ರಲ್ಲೇ 'ಮೊದಲ ವರ್ಷದ ಪುಸ್ತಕ' ಆರಂಭಿಸಿತು. ಎರಡನೆಯ ಎಳೆ ಕಾಲೇಜಿನ ಹೊರಗಿನದು. 1998ರಲ್ಲಿ ಸಿಯಾಟಲ್‌ನ ಸಾರ್ವಜನಿಕ ಗ್ರಂಥಾಲಯದ ನ್ಯಾನ್ಸಿ ಪರ್ಲ್ ಇಡೀ ಊರು ಒಂದೇ ಪುಸ್ತಕ ಓದಿದರೆ ಹೇಗೆ ಎಂದು ಕೇಳಿ, ರಸೆಲ್ ಬ್ಯಾಂಕ್ಸ್‌ರ 'ದ ಸ್ವೀಟ್ ಹಿಯರ್‌ಆಫ್ಟರ್' ಕಾದಂಬರಿಯನ್ನು ಊರಿನವರ ಮುಂದಿಟ್ಟರು. 2001ರಲ್ಲಿ ಷಿಕಾಗೊ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಿತು. ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಎರಡೂ ಎಳೆ ಕೂಡಿಕೊಂಡಿವೆ: ಪ್ರತಿವರ್ಷ ನಗರಸಭೆ, ವಿಶ್ವವಿದ್ಯಾಲಯ ಎರಡೂ ಸೇರಿ ಒಂದೇ ಪುಸ್ತಕ ಆರಿಸುತ್ತವೆ.

ಯಾವ ಪುಸ್ತಕ ಎಂಬ ಪ್ರಶ್ನೆ ಬಂದಲ್ಲಿ ಜಗಳ ತಪ್ಪಿದ್ದಲ್ಲ. ಕಾರ್ನೆಲ್ ವಿಶ್ವವಿದ್ಯಾಲಯ 2001ರಲ್ಲಿ ಜೇರೆಡ್ ಡೈಮಂಡ್‌ರ 'ಗನ್ಸ್, ಜರ್ಮ್ಸ್ ಅಂಡ್ ಸ್ಟೀಲ್'ನಿಂದ ಶುರುಮಾಡಿ, ಮುಂದಿನ ವರ್ಷಗಳಲ್ಲಿ 'ಫ್ರಾಂಕೆನ್‌ಸ್ಟೈನ್', ಸೊಫೊಕ್ಲಿಸ್‌ನ 'ಆಂಟಿಗೊನೆ', ಕಾಫ್ಕಾನ 'ದ ಟ್ರಯಲ್' ಓದಿಸಿತು. 2005ರಲ್ಲಿ ಆಯ್ದದ್ದು ನೈಜೀರಿಯಾದ ಚಿನುವ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್'. ಇಷ್ಟು ಧೈರ್ಯದ ಪಟ್ಟಿ ಅಪರೂಪ. ಹೆಚ್ಚಿನ ಕಾಲೇಜುಗಳು ಹತ್ತು ವರ್ಷದೊಳಗೆ ಪ್ರಕಟವಾದ, ಲೇಖಕರನ್ನು ಕರೆಸಬಹುದಾದ, ಸುಲಭವಾಗಿ ಓದಿಸಿಕೊಳ್ಳುವ ಪುಸ್ತಕವನ್ನೇ ಆರಿಸುತ್ತವೆ ಎಂದು ನ್ಯಾಷನಲ್ ಅಸೋಸಿಯೇಷನ್ ಆಫ್ ಸ್ಕಾಲರ್ಸ್ 2010ರಿಂದ ದೂರುತ್ತ ಬಂದಿದೆ. ಅದು ಸಂಪ್ರದಾಯವಾದಿ ಸಂಘಟನೆ. ಅದರ ರಾಜಕೀಯ ಒಪ್ಪದವರೂ ಈ ದೂರಿನಲ್ಲಿ ಹುರುಳಿದೆ ಎಂದು ಒಪ್ಪಬೇಕಾಗುತ್ತದೆ.

ದೊಡ್ಡ ಗದ್ದಲ ಎದ್ದದ್ದು 2002ರಲ್ಲಿ, ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ. ನ್ಯೂಯಾರ್ಕ್ ದಾಳಿ ನಡೆದು ವರ್ಷವೂ ತುಂಬಿರಲಿಲ್ಲ. ವಿಶ್ವವಿದ್ಯಾಲಯ ಆಯ್ದದ್ದು ಮೈಕೆಲ್ ಸೆಲ್ಸ್‌ರ 'ಅಪ್ರೋಚಿಂಗ್ ದ ಕುರಾನ್', ಅಂದರೆ ಕುರಾನಿನಲ್ಲಿ ಮೊದಮೊದಲು ಅವತರಿಸಿದವೆನ್ನುವ ಸೂರಾಗಳ ಅನುವಾದ ಮತ್ತು ವಿವರಣೆ. ಸರ್ಕಾರಿ ಸಂಸ್ಥೆಯೊಂದು ಧರ್ಮಗ್ರಂಥ ಓದಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಒಂದು ಕ್ರೈಸ್ತ ಸಂಘಟನೆ ಕೋರ್ಟಿಗೆ ಹೋಯಿತು. ತಡೆಯಾಜ್ಞೆ ಸಿಗಲಿಲ್ಲ, ಮೇಲ್ಮನವಿಯಲ್ಲೂ ಅಷ್ಟೆ. ಓದಲು ಮನಸ್ಸಿಲ್ಲದವರು ಯಾಕೆ ಓದುವುದಿಲ್ಲ ಎಂದು ಒಂದು ಪುಟ ಬರೆದುಕೊಟ್ಟರೆ ಸಾಕು ಎಂದು ವಿಶ್ವವಿದ್ಯಾಲಯವೇ ಹೇಳಿತ್ತು. 2015ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಆಲಿಸನ್ ಬೆಕ್‌ಡಲ್‌ರ 'ಫನ್ ಹೋಮ್' ಚಿತ್ರಕಥನವನ್ನು ಮುಟ್ಟಲೊಲ್ಲೆವೆಂದರು. 2019ರಲ್ಲಿ ಜಾರ್ಜಿಯ ಸದರ್ನ್ ವಿಶ್ವವಿದ್ಯಾಲಯಕ್ಕೆ ಲೇಖಕಿ ಜೆನೀನ್ ಕಾಪೊ ಕ್ರುಸೆಟ್ ಬಂದು ಭಾಷಣ ಮಾಡಿ ಹೋದ ರಾತ್ರಿ ಕೆಲವರು ಅವರ ಕಾದಂಬರಿಯ ಪ್ರತಿಗಳನ್ನು ಸುಟ್ಟರು. ಇವೆಲ್ಲ ಸುದ್ದಿಯಾದ ಪ್ರಸಂಗಗಳು. ಸುದ್ದಿಯಾಗದ, ಆದರೆ ಎಲ್ಲ ಕಡೆ ಇರುವ ಕಾಯಿಲೆ ಬೇರೆಯೇ: ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಪುಸ್ತಕ ಎಲ್ಲರಿಗೂ ಮರೆತಿರುತ್ತದೆ. ಒಂದು ಚರ್ಚೆ, ಒಂದು ಭಾಷಣ, ಮುಗಿಯಿತು.

ಇನ್ನು ವಿದೇಶ ವ್ಯಾಸಂಗದ ಕಡೆಗೆ ಬರೋಣ. ಇಲ್ಲಿ ಹೇಳುತ್ತಿರುವುದು ನಮ್ಮ ಮಕ್ಕಳು ಎಂ.ಎಸ್. ಮಾಡಲು ಎರಡು ವರ್ಷ ಹೊರಗೆ ಹೋಗುವಂಥ ವ್ಯಾಸಂಗವಲ್ಲ. ಅಮೆರಿಕದ ವಿದ್ಯಾರ್ಥಿ ತನ್ನ ಕಾಲೇಜಿನಲ್ಲೇ ದಾಖಲಾಗಿದ್ದು, ಕೆಲವು ವಾರ ಅಥವಾ ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಕಲಿತು, ಗಳಿಸಿದ ಕ್ರೆಡಿಟ್‌ಗಳೊಂದಿಗೆ ವಾಪಸು ಬರುವ ವ್ಯವಸ್ಥೆ ಇದು. ಡೆಲವೇರ್ ವಿಶ್ವವಿದ್ಯಾಲಯದ ರೇಮಂಡ್ ಕರ್ಕ್‌ಬ್ರೈಡ್ ಎಂಬ ಅಧ್ಯಾಪಕರು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಕಂಡುಬಂದವರು. 1923ರ ಜುಲೈಯಲ್ಲಿ ಅವರು ಎಂಟು ವಿದ್ಯಾರ್ಥಿಗಳೊಂದಿಗೆ ಹಡಗು ಹತ್ತಿದರು. ಮೊದಲು ನಾನ್ಸಿ ಪಟ್ಟಣದಲ್ಲಿ ಫ್ರೆಂಚ್ ಕಲಿಕೆ, ಆಮೇಲೆ ಪ್ಯಾರಿಸ್ಸಿನ ಸೊರ್ಬಾನ್. ಎರಡು ವರ್ಷದ ನಂತರ ಸ್ಮಿತ್ ಕಾಲೇಜು ತನ್ನ ವಿದ್ಯಾರ್ಥಿನಿಯರನ್ನು ಪ್ಯಾರಿಸ್ಸಿಗೆ ಕಳಿಸಿತು. ಮೂರನೇ ವರ್ಷದಲ್ಲಿ ಹೊರದೇಶ ಎಂಬ ಪದ್ಧತಿ ಹೀಗೆ ಬೇರೂರಿತು. ಇಂದಿಗೂ ಹೋಗುವವರಲ್ಲಿ ಮೂರನೇ ವರ್ಷದವರೇ ಹೆಚ್ಚು. ಮೊದಲ ವರ್ಷದವರು ಬಹಳ ಕಡಿಮೆ.

2018–19ರ ಶೈಕ್ಷಣಿಕ ವರ್ಷದಲ್ಲಿ ಹೀಗೆ ಹೋದವರು 3,47,099. ಕೋವಿಡ್ ಬಂದು 2020–21ರಲ್ಲಿ ಆ ಸಂಖ್ಯೆ 14,549ಕ್ಕೆ ಕುಸಿಯಿತು. 2022–23ರಲ್ಲಿ ಮತ್ತೆ 2,80,716ಕ್ಕೆ ಏರಿತು. ಹತ್ತು ವರ್ಷದೊಳಗೆ ವರ್ಷಕ್ಕೆ ಹತ್ತು ಲಕ್ಷ ಮಂದಿ ಹೋಗುವಂತಾಗಬೇಕೆಂದು 2005ರಲ್ಲಿ ಲಿಂಕನ್ ಆಯೋಗ ಗುರಿ ಇಟ್ಟಿತ್ತು. ಅದು ಕೈಗೆಟುಕಲೇ ಇಲ್ಲ. ಹೋಗುವವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಎಂಟು ವಾರ ಅಥವಾ ಅದಕ್ಕೂ ಕಡಿಮೆ ದಿನ ಹೊರಗಿದ್ದು ಬರುವವರು. ಇಟಲಿ, ಬ್ರಿಟನ್, ಸ್ಪೇನ್, ಫ್ರಾನ್ಸ್ ಅವರ ಮೆಚ್ಚಿನ ದೇಶಗಳು.

ಮೂರು ವಾರದಲ್ಲಿ ಒಂದು ದೇಶದಿಂದ ಏನು ಕಲಿಯಬಹುದು? ಹೋದರೆ ಸಾಕು, ಕಲಿಕೆ ತಾನಾಗಿ ಆಗುತ್ತದೆ ಎಂಬ ನಂಬಿಕೆ ಬಹಳ ಕಾಲ ಇತ್ತು. ಮೈಕೆಲ್ ವ್ಯಾಂಡೆ ಬರ್ಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಸುಮಾರು 1,300 ವಿದ್ಯಾರ್ಥಿಗಳನ್ನು ಹೋಗುವ ಮುಂಚೆ ಮತ್ತು ಬಂದ ಮೇಲೆ ಅಳೆದು ನೋಡಿದಾಗ ಕಂಡದ್ದು: ಸ್ಥಳೀಯರ ನಡುವೆ ಬಿಟ್ಟಮಾತ್ರಕ್ಕೆ ಬೇರೆ ಸಂಸ್ಕೃತಿಯನ್ನು ಅರಿಯುವ ಶಕ್ತಿ ಅಷ್ಟಾಗಿ ಬೆಳೆಯುವುದಿಲ್ಲ. ಕಂಡದ್ದನ್ನು ಕುರಿತು ಕೇಳುವ, ತಡೆದು ನಿಲ್ಲಿಸಿ ಯೋಚಿಸುವಂತೆ ಮಾಡುವ ಒಬ್ಬ ಮಾರ್ಗದರ್ಶಕ ಜೊತೆಗಿದ್ದವರು ಹೆಚ್ಚು ಕಲಿತಿದ್ದರು. ಪುಸ್ತಕಕ್ಕೆ ಮುಂದುವರಿಕೆ ಇಲ್ಲ, ಪ್ರವಾಸಕ್ಕೆ ಮುನ್ನುಡಿ ಇಲ್ಲ. ಎರಡನ್ನೂ ಒಂದೇ ದಾರಕ್ಕೆ ಪೋಣಿಸುವ ಯೋಚನೆಗೆ ಈ ಎರಡು ಕೊರತೆಗಳೇ ಕಾರಣ.

ಪೋಣಿಸುವ ಕೆಲಸ ಶುರುವಾಗುವುದು ಪ್ರವಾಸಕ್ಕೆ ಒಂದೂವರೆ ಎರಡು ವರ್ಷ ಮುಂಚೆ, ಪುಸ್ತಕ ಆರಿಸುವ ಸಮಿತಿಯಲ್ಲಿ. ಆ ಸಮಿತಿಯಲ್ಲಿ ವಿದೇಶ ವ್ಯಾಸಂಗ ವಿಭಾಗದವರಿಗೂ ಒಂದು ಕುರ್ಚಿ ಸಿಗಬೇಕು. ಬಹಳ ಕಡೆ ಈ ಎರಡು ವಿಭಾಗಗಳು ಬೇರೆ ಬೇರೆ ಕಟ್ಟಡದಲ್ಲಿ, ಬೇರೆ ಬೇರೆ ಅಧಿಕಾರಿಯ ಕೈಕೆಳಗೆ ಇರುತ್ತವೆ, ಒಂದರ ಕೆಲಸ ಇನ್ನೊಂದಕ್ಕೆ ತಿಳಿಯುವುದೇ ಪುಸ್ತಕ ಅಚ್ಚಾಗಿ ಬಂದು ಹಂಚುವಾಗ. ಒಂದು ದೇಶದ ಬಗೆಗಿನ ಪುಸ್ತಕವೇ ಬೇಕೆಂದೂ ಇಲ್ಲ. ನೀರಿನ ಮೇಲಿನ ಪುಸ್ತಕ ನೆದರ್‌ಲ್ಯಾಂಡ್ಸಿಗೂ ಒಯ್ಯಬಹುದು, ಬಾಂಗ್ಲಾದೇಶಕ್ಕೂ ಒಯ್ಯಬಹುದು. ವಲಸೆಯ ಕಥೆ ಲಂಡನ್ನಿಗೂ ಸಲ್ಲುತ್ತದೆ, ಮೆಕ್ಸಿಕೊಕ್ಕೂ ಸಲ್ಲುತ್ತದೆ. ರೆಬೆಕ್ಕಾ ಸ್ಕ್ಲೂಟ್‌ರ 'ದ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟಾ ಲ್ಯಾಕ್ಸ್' ಅನ್ನು ಅಮೆರಿಕದ ಅದೆಷ್ಟೋ ಕಾಲೇಜುಗಳು ಓದಿಸಿವೆ. ಬಾಲ್ಟಿಮೋರಿನ ಬಡ ಕಪ್ಪು ಮಹಿಳೆಯೊಬ್ಬರ ಜೀವಕೋಶಗಳನ್ನು 1951ರಲ್ಲಿ ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಂಡ ಕಥೆ ಅದು. ರೋಗಿಯ ಒಪ್ಪಿಗೆ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಯಾವ ದೇಶದ ಆಸ್ಪತ್ರೆಯ ಬಾಗಿಲಿಗಾದರೂ ಹೋಗಬಹುದು.

ಪಂಚಾಂಗ ಸಾಮಾನ್ಯವಾಗಿ ಹೀಗಿರುತ್ತದೆ. ಆಗಸ್ಟಿನಲ್ಲಿ ಎಲ್ಲ ಹೊಸಬರೂ ಪುಸ್ತಕ ಚರ್ಚಿಸುತ್ತಾರೆ. ಅಕ್ಟೋಬರಿನಲ್ಲಿ ಪ್ರವಾಸಕ್ಕೆ ಅರ್ಜಿ. ಜನವರಿಯಿಂದ ಒಂದೋ ಎರಡೋ ಕ್ರೆಡಿಟ್‌ನ ಸಣ್ಣ ಕೋರ್ಸ್: ಆ ದೇಶದ ಚರಿತ್ರೆ, ನಿತ್ಯದ ಮಾತು, ಅದೇ ವಿಷಯದ ಮೇಲೆ ಅಲ್ಲಿನವರೇ ಬರೆದ ಬರಹ. ಮಾರ್ಚ್ ರಜೆಯಲ್ಲಿ ಒಂದು ವಾರ, ಇಲ್ಲವೇ ಮೇ ತಿಂಗಳಲ್ಲಿ ಎರಡು ಮೂರು ವಾರ, ಇಬ್ಬರು ಅಧ್ಯಾಪಕರೊಂದಿಗೆ ಹದಿನೈದು ಇಪ್ಪತ್ತು ವಿದ್ಯಾರ್ಥಿಗಳ ಪ್ರಯಾಣ. ಪುಸ್ತಕವನ್ನು ಎರಡು ಸಾವಿರ ಮಂದಿ ಓದಿ, ವಿಮಾನ ಹತ್ತುವವರು ಇಪ್ಪತ್ತೇ ಆದರೆ ಅದರಿಂದ ಉಳಿದವರಿಗೇನು ಎಂಬ ಪ್ರಶ್ನೆ ಸಹಜ. ಹೋಗಿಬಂದವರನ್ನು ಮುಂದಿನ ಆಗಸ್ಟಿನ ಚರ್ಚಾಗುಂಪುಗಳಿಗೆ ನಾಯಕರನ್ನಾಗಿ ಕೂರಿಸುವುದು ಅದಕ್ಕೊಂದು ಉತ್ತರ. ಪೂರ್ತಿ ಉತ್ತರವೇನಲ್ಲ.

ಕೆಲವು ಸಂಸ್ಥೆಗಳು ಎರಡನ್ನೂ ದೊಡ್ಡ ಪ್ರಮಾಣದಲ್ಲಿ ಹತ್ತಿರ ತಂದಿವೆ. ಮಿಷಿಗನ್‌ನ ಕಲಮಜೂ ಕಾಲೇಜು 1958ರಿಂದಲೇ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುತ್ತಿದೆ, ಹೊಸಬರಿಗೆ ಬೇಸಿಗೆಯ ಸಾಮೂಹಿಕ ಓದನ್ನೂ ಇಟ್ಟುಕೊಂಡಿದೆ. ಮೇರಿಲ್ಯಾಂಡಿನ ಗೌಚರ್ ಕಾಲೇಜು 2006ರಲ್ಲಿ ವಿದೇಶ ವ್ಯಾಸಂಗವನ್ನು ಪ್ರತಿ ಪದವಿ ವಿದ್ಯಾರ್ಥಿಗೂ ಕಡ್ಡಾಯ ಮಾಡಿತು. ಪೆನ್ಸಿಲ್ವೇನಿಯಾದ ಸಸ್ಕ್ವಹಾನಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಸಾಮೂಹಿಕ ಓದೂ ಇದೆ, ಎಲ್ಲರಿಗೂ ಪರಸಂಸ್ಕೃತಿಯ ನಡುವಿನ ವಾಸವೂ ಇದೆ. ವಾಪಸಾದ ಮೇಲೆ ಕೂತು ಬರೆಯುವ, ಮಾತಾಡುವ ಒಂದು ಕೋರ್ಸನ್ನೂ ಮುಗಿಸಬೇಕು. ಈ ಕೊನೆಯ ಭಾಗವೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಕ್ಯಾಲಿಫೋರ್ನಿಯಾದ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ಬ್ರೂಸ್ ಲಾ ಬ್ರ್ಯಾಕ್ 1970ರ ದಶಕದಿಂದಲೇ ಹೋಗುವ ಮುಂಚಿನ ಪಾಠವನ್ನೂ ಬಂದ ಮೇಲಿನ ಪಾಠವನ್ನೂ ಒಂದಕ್ಕೊಂದು ಹೆಣೆದು ಕಲಿಸುತ್ತಿದ್ದರು. ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಪಂಜಾಬಿ ಸಿಖ್ಖರನ್ನು ಅಭ್ಯಾಸ ಮಾಡಿದವರು ಅವರು. ಊರು ಬಿಟ್ಟವರ ಕಷ್ಟ ಒಂದು, ಊರಿಗೆ ಮರಳಿದವರ ಕಷ್ಟ ಇನ್ನೊಂದು ಎಂಬುದು ಅವರಿಗೆ ಹೊಸದಾಗಿರಲಿಲ್ಲ.

ಪುಸ್ತಕ ಮತ್ತು ಪ್ರವಾಸ ಜೋಡಿಯಾದಾಗ ಒಂದು ಅಪಾಯವೂ ಬೆಳೆಯುತ್ತದೆ: ಒಂದು ಪುಸ್ತಕವೇ ಇಡೀ ದೇಶವಾಗಿಬಿಡುವುದು. ಗ್ರೆಗ್ ಮಾರ್ಟೆನ್ಸನ್‌ರ 'ತ್ರೀ ಕಪ್ಸ್ ಆಫ್ ಟೀ' 2006ರಲ್ಲಿ ಬಂದ ಮೇಲೆ ಅಮೆರಿಕದ ಕಾಲೇಜುಗಳ ಅಚ್ಚುಮೆಚ್ಚಿನ ಪುಸ್ತಕವಾಯಿತು. ಪಾಕಿಸ್ತಾನ, ಅಫ್ಘಾನಿಸ್ತಾನದ ಬೆಟ್ಟದ ಊರುಗಳಲ್ಲಿ ಶಾಲೆ ಕಟ್ಟಿಸಿದ ಅಮೆರಿಕನ್ನನ ಕಥೆ. 2011ರಲ್ಲಿ ಒಂದು ಟಿ.ವಿ. ವರದಿ ಮತ್ತು ಲೇಖಕ ಜಾನ್ ಕ್ರಾಕವರ್ ಅದರ ಮುಖ್ಯ ಘಟನೆಗಳ ಸತ್ಯವನ್ನೇ ಪ್ರಶ್ನಿಸಿದರು. ಮರುವರ್ಷ ಮೊಂಟಾನ ರಾಜ್ಯದ ತನಿಖೆ ಮುಗಿದಾಗ ಮಾರ್ಟೆನ್ಸನ್ ತಮ್ಮ ದತ್ತಿ ಸಂಸ್ಥೆಗೆ ಸುಮಾರು ಹತ್ತು ಲಕ್ಷ ಡಾಲರ್ ಮರಳಿಸಲು ಒಪ್ಪಬೇಕಾಯಿತು. ಅಷ್ಟರಲ್ಲಿ ಆ ಪ್ರದೇಶದ ಬಗ್ಗೆ ಈ ಒಂದನ್ನು ಬಿಟ್ಟು ಬೇರೇನೂ ಓದದ ವಿದ್ಯಾರ್ಥಿಗಳ ಹಲವು ತಂಡಗಳು ಪದವಿ ಮುಗಿಸಿ ಹೋಗಿದ್ದವು.

ಭಾರತದ ಬಗ್ಗೆ ಈ ಕಾಲೇಜುಗಳು ಹೆಚ್ಚಾಗಿ ಆಯ್ದ ಪುಸ್ತಕ ಕ್ಯಾಥರೀನ್ ಬೂ ಅವರ 'ಬಿಹೈಂಡ್ ದ ಬ್ಯೂಟಿಫುಲ್ ಫಾರೆವರ್ಸ್'. ಮುಂಬೈ ವಿಮಾನ ನಿಲ್ದಾಣದ ಪಕ್ಕದ ಅಣ್ಣಾವಾಡಿ ಕೊಳೆಗೇರಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಾಡಿ ಅವರು ಬರೆದ ಈ ಕೃತಿಗೆ 2012ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಕಸ ಆಯುವ ಹುಡುಗ, ಸುಳ್ಳು ಕೇಸು, ಲಂಚಕ್ಕೆ ಕೈಯೊಡ್ಡುವ ಠಾಣೆ, ಎಲ್ಲವೂ ನಿಜದ ಜನರ ಕಥೆ. ಪುಸ್ತಕ ಒಳ್ಳೆಯದೇ. ಆದರೆ ಅದನ್ನು ಹಿಡಿದು ಇಪ್ಪತ್ತು ಹುಡುಗ ಹುಡುಗಿಯರು ಕ್ಯಾಮೆರಾದೊಂದಿಗೆ ಅದೇ ಗಲ್ಲಿಗೆ ನುಗ್ಗಿದರೆ ಅದು ವ್ಯಾಸಂಗವಲ್ಲ, ಬಡತನದ ದರ್ಶನ. ತಿಳಿದ ಅಧ್ಯಾಪಕರಾದರೆ ಪಾತ್ರಗಳನ್ನು ಹುಡುಕುವುದಿಲ್ಲ, ಪ್ರಶ್ನೆಯನ್ನು ಹಿಂಬಾಲಿಸುತ್ತಾರೆ. ಊರಿನ ಕಸ ಎಲ್ಲಿಗೆ ಹೋಗುತ್ತದೆ, ಆ ದುಡಿಮೆಗೆ ಕೂಲಿ ಯಾರು ಕಟ್ಟುತ್ತಾರೆ, ಜಾಗದ ಹಕ್ಕುಪತ್ರ ಯಾರ ಬಳಿ ಇದೆ ಎಂದು ಪೌರಕಾರ್ಮಿಕರ ಸಂಘ, ಪಾಲಿಕೆ, ವಕೀಲರು ಇವರನ್ನು ಕಾಣುತ್ತಾರೆ. ಆಮೇಲೆ ತಮ್ಮ ಊರಿನ ಕಸದ ಬಗ್ಗೆಯೂ ಅದೇ ಪ್ರಶ್ನೆ ಕೇಳಿಸುತ್ತಾರೆ.

ಕರ್ನಾಟಕಕ್ಕೂ ಇಂಥ ತಂಡಗಳು ಬಂದಿವೆ. ಕಾರ್ನೆಲ್ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಮೈಸೂರಿಗೆ ಬಂದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೊತೆ ಸಾರ್ವಜನಿಕ ಆರೋಗ್ಯದ ಕೆಲಸ ಕಲಿತದ್ದುಂಟು. ಅಯೋವಾ ವಿಶ್ವವಿದ್ಯಾಲಯದವರು ಚಳಿಗಾಲದ ರಜೆಯಲ್ಲಿ ಮೂರು ವಾರದ ಭಾರತ ಕಾರ್ಯಕ್ರಮ ನಡೆಸುತ್ತ ಬಂದಿದ್ದಾರೆ. ಇಲ್ಲಿಗೆ ಬರುವವರು ಏನು ಓದಿಕೊಂಡು ಬರಬೇಕು? ಅಮೆರಿಕದ ತರಗತಿಗಳಲ್ಲಿ ಎಲ್ಲಕ್ಕಿಂತ ಹಳೆಯ ಪರಿಚಯವಿರುವ ಕನ್ನಡ ಕಾದಂಬರಿ ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ'. 1965ರ ಈ ಕೃತಿಯನ್ನು ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದರು. ಧರ್ಮ, ಸಾಹಿತ್ಯ ಎರಡರ ಪಾಠಗಳಲ್ಲೂ ಅದು ಇದೆ. ಅದೊಂದನ್ನೇ ಓದಿ ಬಂದವರು ಅದರ ನಾಯಕ ಪ್ರಾಣೇಶಾಚಾರ್ಯರ ಅಗ್ರಹಾರವನ್ನು ಹುಡುಕಿಕೊಂಡು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುತ್ತಾರೆ. ಜೊತೆಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಇದ್ದರೆ ಆ ಟ್ರಾಫಿಕ್ಕಿನ ಹಿಂದಿನ ಮನೆಗಳೂ ಹೊಸ ದುಡ್ಡೂ ಅರ್ಥವಾಗುತ್ತವೆ. ದೀಪಾ ಭಾಸ್ತಿ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಸೇರಿದರೆ ಈ ಎರಡೂ ಪುಸ್ತಕ ಹೇಳದ ಮನೆಗಳ ಬಾಗಿಲು ತೆರೆಯುತ್ತದೆ. ಒಂದು ಪುಸ್ತಕ ಎಲ್ಲರಿಗೆ, ಎರಡು ಮೂರು ಹೋಗುವವರಿಗೆ ಎಂಬ ಲೆಕ್ಕ ಯಾವ ದೇಶಕ್ಕಾದರೂ ಸರಿಹೋಗುತ್ತದೆ.

ಹಣದ ಮಾತು ಬಿಡುವಂತಿಲ್ಲ. ಮೊದಲ ವರ್ಷದವರಿಗೆ ಪುಸ್ತಕವನ್ನು ಕಾಲೇಜು ಪುಕ್ಕಟೆ ಕೊಡಬಹುದು, ವಿಮಾನದ ಟಿಕೆಟ್ ಕೊಡುವುದು ಕಷ್ಟ. ಬಡ ಕುಟುಂಬದವರಿಗೆಂದು 2000ದ ಕಾಯ್ದೆಯಡಿ ಹುಟ್ಟಿದ ಗಿಲ್ಮನ್ ವಿದ್ಯಾರ್ಥಿವೇತನ ಇದೆ. ಅಮೆರಿಕದ ಕೇಂದ್ರ ಸರ್ಕಾರದ ಪೆಲ್ ನೆರವು ಪಡೆಯುವವರು ಅದಕ್ಕೆ ಅರ್ಜಿ ಹಾಕಬಹುದು. ಹದಿನೆಂಟರ ಹರೆಯದವರನ್ನು ಕರೆದೊಯ್ಯುವ ಅಧ್ಯಾಪಕರ ತಲೆನೋವು ಬೇರೆ. ಅಮೆರಿಕದಲ್ಲಿ 21ರವರೆಗೆ ಮದ್ಯ ನಿಷಿದ್ಧ, ಯುರೋಪಿನ ಬಹುತೇಕ ದೇಶಗಳಲ್ಲಿ ಹದಿನೆಂಟಕ್ಕೇ ಬಾಗಿಲು ತೆರೆದಿರುತ್ತದೆ; ಪುಸ್ತಕದ ಚರ್ಚೆಗಿಂತ ರಾತ್ರಿ ತಲೆ ಎಣಿಸುವುದೇ ದೊಡ್ಡ ಕೆಲಸವಾಗುವುದುಂಟು. ಹೋಗಲಾಗದವರಿಗೆ ಇನ್ನೊಂದು ದಾರಿ, ಎರಡು ದೇಶಗಳ ತರಗತಿಗಳು ಒಂದೇ ಪುಸ್ತಕ ಓದಿ ಆನ್‌ಲೈನಿನಲ್ಲಿ ಮಾತಾಡುವುದು. ಗಡಿಯಾಚೆಯ ಇಂಥ ಜಂಟಿ ತರಗತಿಗಳಿಗೆಂದೇ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲಿ ಒಂದು ಕೇಂದ್ರ ತೆರೆಯಿತು. ಕೋವಿಡ್ ಕಾಲದಲ್ಲಿ ಉಳಿದವರಿಗೂ ಅದರ ಬೆಲೆ ತಿಳಿಯಿತು.

ಇದರಿಂದ ಪ್ರಯೋಜನವಾಯಿತೆ ಎಂದು ಅಳೆಯುವುದು ಸುಲಭವಲ್ಲ. ಜಾರ್ಜಿಯ ರಾಜ್ಯದ ವಿಶ್ವವಿದ್ಯಾಲಯಗಳು 2000ದಿಂದ ನಡೆಸಿದ 'ಗ್ಲೊಸರಿ' ಅಧ್ಯಯನದಲ್ಲಿ, ಹೊರದೇಶಕ್ಕೆ ಹೋಗಿಬಂದವರು ಹೋಗದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ, ಹೊತ್ತಿಗೆ ಸರಿಯಾಗಿ ಪದವಿ ಮುಗಿಸಿದ್ದು ಕಂಡುಬಂತು. ಹೋಗುವವರು ಮೊದಲೇ ಚೆನ್ನಾಗಿ ಓದುವವರೂ ಅನುಕೂಲಸ್ಥರೂ ಆಗಿರುವ ಸಂಭವ ಹೆಚ್ಚು ಎಂಬುದು ಅಧ್ಯಯನ ಮಾಡಿದವರಿಗೂ ಗೊತ್ತಿತ್ತು. ಹಿಂದಿನ ಅಂಕಗಳನ್ನು ಗಮನಕ್ಕೆ ತೆಗೆದುಕೊಂಡೇ ಹೋಲಿಸಲು ಅವರು ನೋಡಿದರು. ಸಾಮೂಹಿಕ ಓದಿನ ಅಳತೆ ಇನ್ನೂ ಜಾರುವಂಥದು. ಚರ್ಚೆಗೆ ಬಂದವರ ಹಾಜರಿ ಎಣಿಸಬಹುದು, ಪುಸ್ತಕ ಪೂರ್ತಿ ಓದಿದವರು ಯಾರು ಎಂದು ಕೇಳಿದರೆ ಎಲ್ಲರೂ ಕೈಯೆತ್ತುತ್ತಾರೆ. ಓದಿದ್ದು ಪ್ರವಾಸದ ದಿನಚರಿಯಲ್ಲಿ, ಬಂದ ಮೇಲಿನ ಪ್ರಬಂಧದಲ್ಲಿ ಮತ್ತೆ ಕಾಣಿಸಿಕೊಂಡಾಗ ಮಾತ್ರ ಏನೋ ಉಳಿದಿದೆ ಎನ್ನಲು ಆಧಾರ ಸಿಗುತ್ತದೆ. ಎರಡನ್ನೂ ಜೋಡಿಸಿದ ಕಾಲೇಜುಗಳಿಗೆ ಇದೂ ಒಂದು ಲಾಭ.

ಭಾರತದಲ್ಲಿ ಇದಕ್ಕೆ ಹತ್ತಿರದ ಚೌಕಟ್ಟು ಈಗಾಗಲೇ ಇದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2017ರಲ್ಲಿ ಎಂಜಿನಿಯರಿಂಗ್ ಹೊಸಬರಿಗೆ ಮೂರು ವಾರದ ಪ್ರವೇಶ ಕಾರ್ಯಕ್ರಮ ಸೂಚಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲಿ 'ದೀಕ್ಷಾರಂಭ' ಎಂಬ ಹೆಸರಿನಲ್ಲಿ ಉಳಿದ ಪದವಿಗಳಿಗೂ ಮಾರ್ಗಸೂಚಿ ತಂದಿತು. ಎಐಸಿಟಿಇ ಪಟ್ಟಿಯಲ್ಲಿ ಸಾಹಿತ್ಯ ಚಟುವಟಿಕೆಯೂ ಇದೆ, ಸುತ್ತಲಿನ ಸ್ಥಳಗಳ ಭೇಟಿಯೂ ಇದೆ. ಎರಡೂ ಬೇರೆ ಬೇರೆ ಕಲಮುಗಳಾಗಿ ಉಳಿದಿವೆ, ನಡುವೆ ಪುಸ್ತಕವಿಲ್ಲ. ಶಿವಮೊಗ್ಗದ ಕಾಲೇಜೊಂದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿಸಿ ಹೊಸಬರನ್ನು ತೀರ್ಥಹಳ್ಳಿ ಕಡೆಯ ಕಾಡು, ತೋಟಗಳಿಗೆ ಕರೆದೊಯ್ಯಲು ಪಾಸ್‌ಪೋರ್ಟ್ ಬೇಕಿಲ್ಲ. ಬೆಂಗಳೂರು, ಮಂಗಳೂರಿನ ಕಾಲೇಜಿನಿಂದ ಬೀದರಿಗೋ ಕಲಬುರಗಿಗೋ ಹೋಗುವ ವಿದ್ಯಾರ್ಥಿಗೆ ಭಾಷೆ ಒಂದೇ ಆದರೂ ಊಟ, ಬಿಸಿಲು, ಮಾತಿನ ಧಾಟಿ ಎಲ್ಲವೂ ಬೇರೆ. ಖರ್ಚು ಒಂದು ಬಸ್ಸಿನ ಬಾಡಿಗೆ, ಎರಡು ರಾತ್ರಿಯ ವಸತಿ. ಓದು, ಭೇಟಿ, ಬಂದ ಮೇಲಿನ ಬರವಣಿಗೆ ಈ ಮೂರಕ್ಕೂ ಮೂರು ವಾರದ ವೇಳಾಪಟ್ಟಿಯಲ್ಲಿ ಜಾಗವಿದೆ.